ಹುಣಸೂರಿನ ಮರದ ಪುಡಿಯಿಂದ ಐ2 ದರ್ಜೆಯ ಪೆಲೆಟ್: ಎಲ್ಲವೂ ತೇವದ ಲೆಕ್ಕ

ವಿದ್ಯುತ್ ಸ್ಥಾವರಕ್ಕೆ ಮರದ ಪೆಲೆಟ್ (ಪುಡಿಯನ್ನು ಬಿಗಿಯಾಗಿ ಒತ್ತಿ ಮಾಡಿದ ಸಣ್ಣ ಇಂಧನದ ತುಂಡು) ಕೊಳ್ಳುವ ಹೊರದೇಶದವರು ಮಾತು ಶುರು ಮಾಡುವುದೇ ಐಎಸ್‌ಒ 17225-2 ಮಾನದಂಡದ ಕೋಷ್ಟಕದಿಂದ. ಕೈಗಾರಿಕೆ ಬಳಕೆಗೆ ಅದರಲ್ಲಿ ಐ1, ಐ2, ಐ3 ಎಂದು ಮೂರು ದರ್ಜೆ. ಬೂದಿ ಐ1ರಲ್ಲಿ ಶೇ 1, ಐ2ರಲ್ಲಿ ಶೇ 1.5, ಐ3ರಲ್ಲಿ ಶೇ 3 ಮೀರುವಂತಿಲ್ಲ. ಮೂರಕ್ಕೂ ತೇವ ಶೇ 10ರೊಳಗಿರಬೇಕು, ನಿವ್ವಳ ಶಾಖಮೌಲ್ಯ (ನೀರನ್ನು ಆವಿ ಮಾಡಲು ಹೋಗುವ ಶಾಖ ಕಳೆದು ಉಳಿಯುವುದು) ಕೆ.ಜಿ.ಗೆ 16.5 ಮೆಗಾಜೌಲ್ ಮುಟ್ಟಬೇಕು, ಒಂದು ಘನಮೀಟರ್ ಪೆಲೆಟ್ ಕನಿಷ್ಠ 600 ಕೆ.ಜಿ. ತೂಗಬೇಕು. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿರುವ ಡ್ರಾಕ್ಸ್ ಸ್ಥಾವರ ತನ್ನ ಆರು ಕಲ್ಲಿದ್ದಲು ಘಟಕಗಳಲ್ಲಿ ನಾಲ್ಕನ್ನು ಪೆಲೆಟ್‌ಗೆ ಬದಲಿಸಿಕೊಂಡು ಅಮೆರಿಕ, ಕೆನಡಾಗಳಿಂದ ಹಡಗುಗಟ್ಟಲೆ ತರಿಸುತ್ತದೆ. ಜಪಾನ್ ಮತ್ತು ದಕ್ಷಿಣ ಕೊರಿಯಾ ವಿಯೆಟ್ನಾಂನಿಂದ ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತವೆ. ಮೈಸೂರು–ಮಂಡ್ಯ ಭಾಗದ ಸಾಮಿಲ್ ಪುಡಿ ಈ ಕೋಷ್ಟಕಕ್ಕೆ ಹೊಂದುತ್ತದೆಯೇ, ಅದಕ್ಕೆ 'ಕಡಿಮೆ ಇಂಗಾಲದ ಇಂಧನ' ಎಂದು ಹೇಳಿಕೊಳ್ಳುವ ಯೋಗ್ಯತೆ ಇದೆಯೇ ಎಂದು ನೋಡಲು ನಾವು ಒಂದು ಲಾಟನ್ನು ಪುಡಿ ಕೊಳ್ಳುವ ಹಂತದಿಂದ ಮಾರುವ ಹಂತದವರೆಗೆ ಲೆಕ್ಕವಿಟ್ಟು ನಡೆಸಿದೆವು. ಅದರ ವಿವರ ಇದು.

ರಫ್ತಿನ ವಿಷಯ ಮೊದಲೇ ಹೇಳಿಬಿಡಬೇಕು. ಮರದ ದಿಮ್ಮಿ, ಬೇರು, ತೊಗಟೆ, ಚೂರು, ಪುಡಿ, ಇದ್ದಿಲು ಇವೆಲ್ಲ ನಮ್ಮ ದೇಶದ ರಫ್ತು ನೀತಿಯಲ್ಲಿ ಬಹುಕಾಲದಿಂದ ನಿಷೇಧಿತ ಪಟ್ಟಿಯಲ್ಲಿವೆ. ಪೆಲೆಟ್‌ನ ಕಸ್ಟಮ್ಸ್ ಕೋಡ್ 4401 31. ಚೂರು, ಪುಡಿಯೂ ಅದೇ 4401ರ ಕೆಳಗೇ ಬರುತ್ತವೆ. ಹಾಗಾಗಿ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ ಬರಹದಲ್ಲಿ ಸ್ಪಷ್ಟನೆ ಕೈಗೆ ಬರುವ ತನಕ ಯಾವ ಒಪ್ಪಂದಕ್ಕೂ ಸಹಿ ಹಾಕಬಾರದು. ಏಜೆಂಟರು 'ಅದೆಲ್ಲ ಆಗುತ್ತೆ' ಅಂದರೆ ನಂಬಬೇಡಿ, ಬಂದರಿನಲ್ಲಿ ಕಂಟೇನರ್ ನಿಂತರೆ ಬಾಡಿಗೆ ಕಟ್ಟುವವರು ನೀವೇ. ಹಾಗಿದ್ದೂ ಈ ಕೋಷ್ಟಕದ ಪ್ರಕಾರ ಪೆಲೆಟ್ ಮಾಡುವುದು ವ್ಯರ್ಥವಲ್ಲ. ನಂಜನಗೂಡು, ಕಡಕೊಳದ ಕಡೆ ಬಾಯ್ಲರ್‌ಗೆ ಕೊಳ್ಳುವವರೂ ಇದೇ ಅಂಕಿಗಳನ್ನು ಕೇಳತೊಡಗಿದ್ದಾರೆ.

ಈಗ ಪುಡಿ ಎಲ್ಲಿ ಸಿಗುತ್ತದೆ ಎಂಬ ಮಾತು. ಹುಣಸೂರಿನ ಸಾಮಿಲ್‌ಗಳಲ್ಲಿ ಕೊಡಗಿನ ಕಡೆಯಿಂದ ಬರುವ ಸಿಲ್ವರ್ ಓಕ್ ಜಾಸ್ತಿ. ಮಂಡ್ಯ, ಮಳವಳ್ಳಿ ಕಡೆ ಸರ್ವೆ ಮತ್ತು ನೀಲಗಿರಿ. ಈ ಮೂರನ್ನೂ ಖಾಸಗಿ ಜಮೀನಿನಲ್ಲಿ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕಿಲ್ಲ, ಕಾಗದಪತ್ರದ ತೊಡಕು ಅಷ್ಟು ಕಡಿಮೆ. ಆದರೆ ಪುಡಿ ಯಾರಿಗೂ ಬೇಡದ ಕಸ ಎಂದು ಯಾರಾದರೂ ಹೇಳಿದರೆ ಅವರು ಈ ಊರಿನ ಪೇಟೆ ನೋಡಿಲ್ಲ. ಅಗರಬತ್ತಿಯವರಿಗೆ ನುಣ್ಣನೆಯ ಪುಡಿ ಬೇಕು. ಕೋಳಿ ಫಾರಂಗೆ ನೆಲಕ್ಕೆ ಹಾಸಲು ಬೇಕು, ಇಟ್ಟಿಗೆ ಗೂಡಿಗೂ ಬೇಕು. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು ಉರಿಯುವ ತಿಂಗಳುಗಳಲ್ಲಂತೂ ಸೌದೆಯ ಜೊತೆಗೆ ಸಾಮಿಲ್ ಪಕ್ಕೆಗಳಿಗೂ ಬೇಡಿಕೆ ಏರುತ್ತದೆ. ಪುಡಿ ಎಲ್ಲಿಂದ ತಪ್ಪಿ ನಮ್ಮ ಕಡೆ ಬಂತು, ಅಲ್ಲಿ ಅದರ ಬದಲಿಗೆ ಏನು ಉರಿಯಿತು ಎಂದು ಕೇಳದೆ ಇಂಗಾಲ ಉಳಿಸಿದೆವು ಎನ್ನುವುದು ಸರಿಯಲ್ಲ.

ಕೊಳ್ಳುವಾಗಿನ ಜಗಳವೆಲ್ಲ ತೇವದ್ದು. ಹಸಿ ಮರ ಕೊಯ್ದ ಪುಡಿಯಲ್ಲಿ ಒಟ್ಟು ತೂಕದ ಅರ್ಧದಷ್ಟು ನೀರೇ ಇರುತ್ತದೆ. ಹತ್ತು ಟನ್ ಲೋಡಿನಲ್ಲಿ ತೇವ ಶೇ 45 ಇದ್ದರೆ ಒಣ ಮರ 5.5 ಟನ್. ಶೇ 52 ಇದ್ದರೆ 4.8 ಟನ್ ಮಾತ್ರ. ವೇಬ್ರಿಡ್ಜ್ ಚೀಟಿ ಎರಡಕ್ಕೂ ಹತ್ತು ಟನ್ ಅಂತಲೇ ತೋರಿಸುತ್ತದೆ, ಕಳೆದುಕೊಂಡದ್ದು ಮಾತ್ರ ಮುಕ್ಕಾಲು ಟನ್ ಪೆಲೆಟ್. 'ಬಿಸಿಲಲ್ಲಿ ಒಣಗ್ಸಿರೋದು ಸಾರ್, ಬೇಕಾದ್ರೆ ಕೈ ಹಾಕಿ ನೋಡಿ' ಅಂತ ಲೋಡು ತಂದವರು ಹೇಳುತ್ತಾರೆ. ಮೇಲಿನ ಒಂದು ಗೇಣು ನಿಜವಾಗಿಯೂ ಒಣಗಿರುತ್ತದೆ. ಒಂದೂವರೆ ಮೀಟರ್ ಉದ್ದದ, ಪಕ್ಕ ಸೀಳಿದ ಪೈಪನ್ನು ಲಾರಿಯ ನಡುಮಧ್ಯಕ್ಕೆ ತುರುಕಿ ತಿರುಗಿಸಿ ಎಳೆದರೆ ಅಡಿಯಿಂದ ಬರುವ ಪುಡಿ ಕಪ್ಪಗೆ, ಬೆಚ್ಚಗೆ, ಹುಳಿ ವಾಸನೆಯದ್ದಾಗಿರುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಬೆರಳಸಂದಿಯಲ್ಲಿ ನೀರು ಕಾಣಿಸುತ್ತದೆ. ಲಾರಿಯ ಹತ್ತು ಕಡೆ, ಮೂರು ಆಳದಲ್ಲಿ ಹೀಗೆ ತೆಗೆದು, ಟಾರ್ಪಾಲಿನ ಮೇಲೆ ಬೆರೆಸಿ, ಗುಡ್ಡೆ ಮಾಡಿ ನಾಲ್ಕು ಪಾಲು ಮಾಡಬೇಕು. ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದೆರಡನ್ನು ಮತ್ತೆ ಬೆರೆಸಬೇಕು. ಒಂದು ಕೆ.ಜಿ. ಉಳಿಯುವ ತನಕ ಇದೇ ಕೆಲಸ. ಅದನ್ನು 105 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು ಲೆಕ್ಕ ಹಾಕಬೇಕು. ಚುಚ್ಚಿ ನೋಡುವ ಮೀಟರ್ ಹಲಗೆಗೆ ಸರಿ, ಸಡಿಲ ಪುಡಿಗೆ ಅದನ್ನು ನೆಚ್ಚಬಾರದು. ದರ ಕಟ್ಟುವುದನ್ನು ಒಣ ಟನ್ನಿನ ಮೇಲೆ ಇಟ್ಟುಕೊಂಡರೆ ನೀರು ಬೆರೆಸಿ ತೂಕ ಏರಿಸುವ ಆಸೆ ತಾನಾಗಿಯೇ ಹೋಗುತ್ತದೆ.

ಮುಂದೆ ಒಣಗಿಸುವುದು. ಡೈಗೆ (ಪೆಲೆಟ್ ಒತ್ತುವ ತೂತುಗಳ ಅಚ್ಚಿಗೆ) ಹೋಗುವಾಗ ಪುಡಿ ಶೇ 11ರ ಆಸುಪಾಸಿನಲ್ಲಿರಬೇಕು. ಒತ್ತಿ ತಂಪಾದ ಮೇಲೆ ಪೆಲೆಟ್ ಶೇ 8ಕ್ಕೆ ಇಳಿಯುತ್ತದೆ. ಒಂದು ಟನ್ ಪೆಲೆಟ್‌ನಲ್ಲಿ 920 ಕೆ.ಜಿ. ಒಣ ಮರ ಇರುತ್ತದೆ. ಶೇ 50 ತೇವದ ಪುಡಿಯಿಂದ ಹೊರಟರೆ 1,840 ಕೆ.ಜಿ. ಬೇಕು, ಡ್ರೈಯರ್ ಸುಮಾರು 800 ಕೆ.ಜಿ. ನೀರು ಹಾರಿಸಬೇಕು. ಅದೇ ಪುಡಿಯನ್ನು ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಬಿಸಿಲಿಗೆ ಹರಡಿ ಶೇ 25ಕ್ಕೆ ತಂದುಕೊಂಡರೆ ಡ್ರೈಯರ್‌ಗೆ ಉಳಿಯುವ ಕೆಲಸ 200 ಕೆ.ಜಿ. ಮಾತ್ರ. ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಇಂಗಾಲದ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಕಣದಲ್ಲಿ ಹರಡುವಾಗ ನಾಲ್ಕು ಬೆರಳಿಗಿಂತ ದಪ್ಪ ಬೇಡ. ಮೇಲಿನದು ಒಣಗಿ ಹೆಪ್ಪುಕಟ್ಟಿದಂತೆ ಕೂತರೆ ಕೆಳಗಿನದು ಒಣಗುವುದಿಲ್ಲ, ಹಾಗಾಗಿ ದಿನಕ್ಕೆ ಎರಡು ಮೂರು ಸಲ ಹಲುಬೆ ಎಳೆಯಲೇಬೇಕು. ನೆಲ ಕಾಂಕ್ರೀಟ್ ಆಗಿರಬೇಕೆಂಬುದಂತೂ ರಾಜಿ ಇಲ್ಲದ ಮಾತು. ಮಣ್ಣಿನ ಕಣದಲ್ಲಿ ಬಾಚಿದರೆ ಪುಡಿಯ ಜೊತೆ ಮರಳು ಬರುತ್ತದೆ. ತೊಗಟೆಯಿಲ್ಲದ ಸಿಲ್ವರ್ ಓಕ್ ಪುಡಿಯ ಸ್ವಂತ ಬೂದಿ ಶೇ 1ರೊಳಗೇ ಇರಬಹುದು. ಟನ್ನಿಗೆ ಹತ್ತು ಕೆ.ಜಿ. ಮಣ್ಣು ಸೇರಿದರೆ ಬೂದಿ ಇನ್ನೂ ಒಂದು ಶೇಕಡ ಏರಿ ಐ2 ದರ್ಜೆ ಕೈಬಿಡುತ್ತದೆ. ಅದೇ ಮರಳು ಡೈನ ತೂತುಗಳನ್ನೂ ಸವೆಸುತ್ತದೆ.

ಮಂಡ್ಯದಲ್ಲಿ ಒಂದು ಆಸೆ ಎಲ್ಲರಿಗೂ ಹುಟ್ಟುತ್ತದೆ: ಕಬ್ಬಿನ ತರಗು, ತೆಂಗಿನ ಗರಿ ಇಷ್ಟೊಂದು ಬಿದ್ದಿರುವಾಗ ಅದನ್ನೂ ಒಂದಿಷ್ಟು ಬೆರೆಸಿದರೇನು? ಪೆಲೆಟ್ ಚೆನ್ನಾಗಿಯೇ ಬರುತ್ತದೆ, ಹೊಳಪೂ ಇರುತ್ತದೆ. ತೊಡಕು ಇರುವುದು ಕ್ಲೋರಿನ್ ಮತ್ತು ಪೊಟ್ಯಾಸಿಯಂನಲ್ಲಿ. ಐ2ರಲ್ಲಿ ಕ್ಲೋರಿನ್ ಮಿತಿ ಶೇ 0.05. ತರಗಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ಪೊಟ್ಯಾಸಿಯಂ ಬೂದಿಯನ್ನು ಕಡಿಮೆ ಶಾಖಕ್ಕೇ ಕರಗಿಸಿ ಬಾಯ್ಲರ್ ಕೊಳವೆಗಳಿಗೆ ಮೆತ್ತುತ್ತದೆ, ಕ್ಲೋರಿನ್ ಆ ಮೆತ್ತಿದ ಜಾಗದಲ್ಲಿ ಕಬ್ಬಿಣವನ್ನು ತಿನ್ನುತ್ತದೆ. ಇಂಥ ಇಂಧನಕ್ಕೆ ಬೇರೆಯೇ ಬಾಯ್ಲರ್ ಬೇಕು. ಮಳವಳ್ಳಿ ತಾಲ್ಲೂಕಿನಲ್ಲೇ 4.5 ಮೆಗಾವಾಟ್‌ನ ಸ್ಥಾವರವೊಂದು ಬೆಳೆಯುಳಿಕೆಯನ್ನು ಉರಿಸಿ ವಿದ್ಯುತ್ ಮಾಡಲೆಂದೇ ಕಟ್ಟಿದ್ದು. ಅದು ಕ್ಯೋಟೊ ಒಪ್ಪಂದದಡಿ ಕಾರ್ಬನ್ ಕ್ರೆಡಿಟ್ ಯೋಜನೆಯಾಗಿ ನೋಂದಣಿಯೂ ಆಗಿತ್ತು. ತರಗಿಗೆ ದಾರಿ ಅದು, ಅಥವಾ ಹೊಲಕ್ಕೇ ಹೊದಿಕೆಯಾಗುವುದು. ಮರದ ಪೆಲೆಟ್ ಎಂದು ಹೇಳಿ ಮಾರುವ ಚೀಲದಲ್ಲಿ ಅದಕ್ಕೆ ಜಾಗವಿಲ್ಲ.

ಒಣಗಿದ ಪುಡಿ ಆಯಸ್ಕಾಂತ ದಾಟಿ, ಇನ್ನೂ ಸಣ್ಣಗೆ ಕುಟ್ಟುವ ಹ್ಯಾಮರ್ ಮಿಲ್‌ಗೆ ಹೋಗುತ್ತದೆ. ಎಂಟು ಮಿಲಿಮೀಟರ್ ಪೆಲೆಟ್‌ಗೆ ಐದಾರು ಮಿಲಿಮೀಟರ್ ಜರಡಿ ಸಾಕು. ಅದಕ್ಕಿಂತ ದಪ್ಪ ಚಕ್ಕೆ ಉಳಿದರೆ ಪೆಲೆಟ್ ಮುರಿಯುವುದು ಆ ಚಕ್ಕೆ ಇರುವ ಕಡೆಯಲ್ಲೇ.

ಕಷ್ಟ ಹೆಚ್ಚು ರಿಂಗ್ ಡೈನಲ್ಲಿ. ತೂತಿನ ಉದ್ದವನ್ನು ವ್ಯಾಸದಿಂದ ಭಾಗಿಸಿದ ಅಂಕಿಯನ್ನು ಕಂಪ್ರೆಷನ್ ರೇಶಿಯೊ ಎನ್ನುತ್ತಾರೆ. ಮೆತ್ತನೆಯ ಪೈನ್ ಪುಡಿಗೆಂದು ಮಾಡಿದ ಡೈಗಳಲ್ಲಿ ಇದು ಹೆಚ್ಚು. ಸರ್ವೆ, ನೀಲಗಿರಿಯಂಥ ಗಟ್ಟಿ ಮರಕ್ಕೆ ಐದರ ಹತ್ತಿರ ಸಾಕಾಗುತ್ತದೆ. ಕ್ಯಾಟಲಾಗ್ ನೋಡಿ ಪೈನ್ ಡೈ ತರಿಸಿಕೊಂಡರೆ ಸರ್ವೆ ಪುಡಿ ಅದರಲ್ಲಿ ಸಿಕ್ಕಿಕೊಂಡು ಮೋಟಾರಿನ ಆಂಪಿಯರ್ ಏರುತ್ತದೆ, ಹೊಗೆ ಬರುತ್ತದೆ, ತೂತುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಡೈ ತೂತಿನಲ್ಲಿ ಶಾಖ ನೂರು ಡಿಗ್ರಿ ದಾಟಿದಾಗ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಮೆತ್ತಗಾಗಿ, ಹೊರಬಂದು ತಣಿದಾಗ ಬಿಗಿಯುತ್ತದೆ, ಬೇರೆ ಅಂಟು ಬೇಕಿಲ್ಲ. ಆದರೆ ಅದಕ್ಕೆ ನೀರಿನ ಹದ ಬೇಕು. ಶೇ 8ಕ್ಕಿಂತ ಒಣಗಿದ ಪುಡಿ ಜಾರದೆ ಡೈ ಕಟ್ಟಿಕೊಳ್ಳುತ್ತದೆ. ಶೇ 15 ದಾಟಿದರೆ ಒಳಗಿನ ನೀರು ಆವಿಯಾಗಿ ಹೊರಬರುವಾಗ ಪೆಲೆಟ್ ಬಿರಿಯುತ್ತದೆ, ಮೈಮೇಲೆ ಅಡ್ಡ ಸೀಳು ಕಾಣುತ್ತದೆ. ಸದ್ದಿನಿಂದಲೇ ಇದು ತಿಳಿಯುತ್ತದೆ. ಹದ ಸರಿಯಿದ್ದರೆ ಒಂದೇ ಸಮನೆ ಮೊರೆತ, ಒಣಗಿದ್ದರೆ ಕಿರಿಕಿರಿ ಕಿರುಚಾಟ, ಒದ್ದೆಯಿದ್ದರೆ ಪಟಪಟ ಸಿಡಿತ. ಪುಡಿಯನ್ನು ತೂತಿಗೆ ಒತ್ತುವ ರೋಲರ್ ಮತ್ತು ಡೈ ನಡುವಿನ ಅಂತರ 0.1ರಿಂದ 0.3 ಮಿಲಿಮೀಟರ್. ಕಬ್ಬಿಣಕ್ಕೆ ಕಬ್ಬಿಣ ತಾಗುವಷ್ಟು ಬಿಗಿ ಮಾಡಿದರೆ ತೂತುಗಳ ಬಾಯಿ ಸುತ್ತಿಗೆಯಲ್ಲಿ ಬಡಿದಂತೆ ಮುಚ್ಚಿಹೋಗುತ್ತದೆ.

ಹೊಸ ಡೈ ಬಂದಾಗ ತೌಡು, ಸಣ್ಣ ಮರಳು, ಹಳೆ ಎಣ್ಣೆ ಬೆರೆಸಿ ಕೆಲವು ಗಂಟೆ ಓಡಿಸಿ ತೂತು ನುಣುಪು ಮಾಡಿಕೊಳ್ಳಬೇಕು. ಯಂತ್ರ ನಿಲ್ಲಿಸುವ ಮುನ್ನ ಪ್ರತಿ ಸಲ ಎಣ್ಣೆ ಬೆರೆಸಿದ ತೌಡನ್ನು ಹಾಯಿಸಿ ತೂತಿನಲ್ಲಿ ಅದೇ ಉಳಿಯುವಂತೆ ನೋಡಿಕೊಳ್ಳಬೇಕು. ಮರ ತುಂಬಿದ ಹಾಗೆಯೇ ನಿಲ್ಲಿಸಿದರೆ ಮಾರನೆ ದಿನ ಅದು ಕಲ್ಲಾಗಿರುತ್ತದೆ, ಒಂದೊಂದೇ ತೂತನ್ನು ಡ್ರಿಲ್ ಹಾಕಿ ಬಿಡಿಸಬೇಕಾಗುತ್ತದೆ. ಕರೆಂಟ್ ಕೈಕೊಡುವ ಊರಿನಲ್ಲಿ ಈ ಅಪಾಯ ಯಾವಾಗಲೂ ಇದ್ದೇ ಇದೆ. ಡೈನಿಂದ ಹೊರಬಿದ್ದ ಪೆಲೆಟ್ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ, ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಕೂಲರ್‌ನಲ್ಲಿ ಹೊರಗಿನ ಗಾಳಿಯ ಶಾಖಕ್ಕಿಂತ ಐದು ಡಿಗ್ರಿಯೊಳಗೆ ತಣಿಯುವ ತನಕ ಚೀಲಕ್ಕೆ ತುಂಬಬಾರದು. ಬಿಸಿಯಲ್ಲೇ ತುಂಬಿದರೆ ಚೀಲದೊಳಗೆ ಬೆವರು ಕೂತು ಪೆಲೆಟ್ ಉದುರುತ್ತದೆ.

ಪರೀಕ್ಷೆಗಳಲ್ಲಿ ಗಟ್ಟಿತನದ್ದು ಸರಳ. ಜರಡಿ ಹಿಡಿದ 500 ಗ್ರಾಂ ಪೆಲೆಟ್ ಅನ್ನು ತಿರುಗುವ ಪೆಟ್ಟಿಗೆಗೆ ಹಾಕಿ ನಿಮಿಷಕ್ಕೆ 50ರಂತೆ 500 ಸುತ್ತು ಸುತ್ತಿಸಿ, 3.15 ಮಿಲಿಮೀಟರ್ ಜರಡಿಯಲ್ಲಿ ಹಿಡಿದು ಉಳಿದದ್ದನ್ನು ತೂಗುವುದು. ಐ2ಗೆ ಶೇ 97 ಉಳಿಯಬೇಕು. ಬೂದಿಯ ಪರೀಕ್ಷೆಯಲ್ಲಿ ಮಾತ್ರ ಎಚ್ಚರ ಬೇಕು. ನಮ್ಮಲ್ಲಿ ಬಹುಪಾಲು ಲ್ಯಾಬುಗಳು ಕಲ್ಲಿದ್ದಲಿನ ಪದ್ಧತಿಯಲ್ಲಿ 815 ಡಿಗ್ರಿಗೆ ಸುಡುತ್ತವೆ, ಜೈವಿಕ ಇಂಧನದ ಮಾನದಂಡ 550 ಡಿಗ್ರಿ. ಹೆಚ್ಚಿನ ಶಾಖದಲ್ಲಿ ಮರದ ಬೂದಿಯ ಕಾರ್ಬೊನೇಟ್ ಒಡೆದು, ಪೊಟ್ಯಾಸಿಯಂ ಹಾರಿಹೋಗಿ ಬೂದಿ ಕಡಿಮೆ ಕಾಣುತ್ತದೆ. ಊರಿನ ವರದಿಯಲ್ಲಿ ಪಾಸಾದ ಲಾಟು ಕೊಳ್ಳುವವರ ಲ್ಯಾಬಿನಲ್ಲಿ ಫೇಲಾಗುವುದು ಹೀಗೆ. ಮಾದರಿ ಕಳಿಸುವಾಗಲೇ '550 ಡಿಗ್ರಿ' ಎಂದು ಬರೆದುಕೊಡಬೇಕು.

ಶಾಖಮೌಲ್ಯದಲ್ಲೂ ಇಂಥದ್ದೇ ಗೊಂದಲ. ನಮ್ಮ ಪೇಟೆ ಮಾತಾಡುವುದು ಜಿಸಿವಿಯಲ್ಲಿ (ಏನೂ ಕಳೆಯದ ಒಟ್ಟು ಶಾಖಮೌಲ್ಯದಲ್ಲಿ), ಕಿಲೋಕ್ಯಾಲರಿಯಲ್ಲಿ. ಹೊರದೇಶದ ಒಪ್ಪಂದ ನಡೆಯುವುದು ನಿವ್ವಳ ಮೌಲ್ಯದಲ್ಲಿ, ಸರಕು ಕೈಸೇರಿದಾಗಿನ ತೇವದ ಮೇಲೆ. ಒಣ ಮರದ ನಿವ್ವಳ ಮೌಲ್ಯ 18.5 ಮೆಗಾಜೌಲ್ ಎಂದಿಟ್ಟುಕೊಳ್ಳಿ. ತೇವ ಶೇ 10 ಇದ್ದರೆ ಅದರ ಹತ್ತನೇ ಒಂದು ಪಾಲು ಹೋಗಿ 16.65 ಉಳಿಯುತ್ತದೆ. ನೀರನ್ನು ಆವಿ ಮಾಡಲು ಇನ್ನೂ 0.24 ಹೋಗಿ ಕೈಗೆ ಸಿಗುವುದು 16.41, ಮಿತಿಗಿಂತ ಕೆಳಗೆ. ತೇವ ಶೇ 8 ಇದ್ದರೆ ಅದೇ ಮರ 16.8 ಕೊಡುತ್ತದೆ. ಅಂದರೆ ತೇವದ ಕಾಲಂನಲ್ಲಿ ಶೇ 10 ಎಂದು ಪಾಸಾದ ಪೆಲೆಟ್ ಪಕ್ಕದ ಕಾಲಂನಲ್ಲಿ ಬೀಳಬಹುದು. ಅದಕ್ಕೇ ನಾವು ಶೇ 8 ಹಿಡಿದದ್ದು. ಅದೇ ಶೇ 10ರ ಪೆಲೆಟ್‌ಗೆ ಜಿಸಿವಿ ಹೇಳಿದರೆ ಸುಮಾರು 4,250 ಕಿಲೋಕ್ಯಾಲರಿ, ನಿವ್ವಳ ಹೇಳಿದರೆ ಸುಮಾರು 3,920. ಯಾವ ಆಧಾರದ ಮೇಲೆ ಎಂದು ಬರೆಯದ ಕೊಟೇಶನ್‌ಗೆ ಬೆಲೆಯಿಲ್ಲ.

ಇನ್ನು ಇಂಗಾಲದ ಹಾಳೆ. ಯುರೋಪ್ ಒಕ್ಕೂಟದ ನಿಯಮದಲ್ಲಿ ಹೋಲಿಕೆಗೆ ಹಿಡಿಯುವ, ಪಳೆಯುಳಿಕೆ ಇಂಧನದ ವಿದ್ಯುತ್ತಿನ ಅಂಕಿ ಮೆಗಾಜೌಲ್‌ಗೆ 183 ಗ್ರಾಂ ಇಂಗಾಲದ ಡೈಆಕ್ಸೈಡ್. 2023ರ ನವೆಂಬರ್ 20ರ ನಂತರ ಶುರುವಾದ ಸ್ಥಾವರಗಳು ಅದಕ್ಕಿಂತ ಶೇ 80 ಉಳಿಸಬೇಕು. ಅಂದರೆ ಒಂದು ಮೆಗಾವಾಟ್ ಗಂಟೆಗೆ ಸುಮಾರು 132 ಕೆ.ಜಿ. ಮಾತ್ರ ಖರ್ಚು ಮಾಡಬಹುದು. ಶೇ 38 ದಕ್ಷತೆಯ ಸ್ಥಾವರದಲ್ಲಿ ನಮ್ಮ ಒಂದು ಟನ್ ಪೆಲೆಟ್ 1.77 ಮೆಗಾವಾಟ್ ಗಂಟೆ ಕೊಡುತ್ತದೆ. ಹೀಗಾಗಿ ಟನ್ನಿಗೆ ಸಿಗುವ ಅವಕಾಶ ಸುಮಾರು 235 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅದರೊಳಗೆ ಎಲ್ಲವೂ ಮುಗಿಯಬೇಕು.

ಒಂದು ಕೆ.ಜಿ. ನೀರು ಹಾರಿಸಲು ಡ್ರೈಯರ್‌ಗೆ ನಷ್ಟವೂ ಸೇರಿ ಸುಮಾರು 3.6 ಮೆಗಾಜೌಲ್ ಬೇಕು. ಹಸಿ ಪುಡಿಯ 800 ಕೆ.ಜಿ. ನೀರನ್ನು ಕಲ್ಲಿದ್ದಲಿನಿಂದ ಹಾರಿಸಿದರೆ 275 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಯಿತು. ಲಾರಿ ಹತ್ತುವ ಮೊದಲೇ, ಪ್ರೆಸ್ ತಿರುಗುವ ಮೊದಲೇ ಮಿತಿ ದಾಟಿತು! ಕಣದಲ್ಲಿ ಒಣಗಿಸಿದ ಪುಡಿಯಾದರೆ ಅದೇ ಕಲ್ಲಿದ್ದಲಿನಲ್ಲೂ 70 ಕೆ.ಜಿ. ದಾಟುವುದಿಲ್ಲ. ಸಾಮಿಲ್ ತೊಗಟೆಯನ್ನೇ ಕುಲುಮೆಗೆ ಹಾಕಿದರೆ ಈ ಸಾಲು ಹೆಚ್ಚುಕಡಿಮೆ ಅಳಿಸಿಹೋಗುತ್ತದೆ, ಮಣ್ಣು ಹತ್ತಿದ ತೊಗಟೆಗೆ ಅದಕ್ಕಿಂತ ಒಳ್ಳೆಯ ಬಳಕೆಯೂ ಇಲ್ಲ. ಹ್ಯಾಮರ್ ಮಿಲ್, ಪ್ರೆಸ್, ಕೂಲರ್ ಸೇರಿ ಟನ್ನಿಗೆ 150 ಯೂನಿಟ್ ವಿದ್ಯುತ್ ಹಿಡಿದರೆ, ನಮ್ಮ ಗ್ರಿಡ್‌ನಲ್ಲಿ ಯೂನಿಟ್ಟಿಗೆ 0.7 ಕೆ.ಜಿ.ಯಂತೆ 105 ಕೆ.ಜಿ. ಇದೇ ಅತಿ ದೊಡ್ಡ ಸಾಲು. ಶೆಡ್ಡಿನ ಮೇಲೆ ಸೌರಫಲಕ ಹಾಕಿಸುವ ಹಣ ಇದ್ದರೆ ಮೊದಲು ಖರ್ಚು ಮಾಡಬೇಕಾದ್ದು ಇಲ್ಲಿ. ಮೈಸೂರಿನಿಂದ ಮಂಗಳೂರಿಗೆ ಘಾಟಿ ಇಳಿದು 250 ಕಿ.ಮೀ. ಲಾರಿಯಲ್ಲಿ ಹೋದರೆ ಟನ್ನಿಗೆ 20–25 ಕೆ.ಜಿ. ದೊಡ್ಡ ಹಡಗು ಅಮೆರಿಕದ ಕರಾವಳಿಯಿಂದ ಇಂಗ್ಲೆಂಡಿಗೆ ಏಳು ಸಾವಿರ ಕಿ.ಮೀ. ಸಾಗಿಸಿದರೂ ಆಗುವುದು ಹೆಚ್ಚುಕಡಿಮೆ 35 ಕೆ.ಜಿ. ಹಡಗಿನ ದೂರ ನೋಡಿ ಬೆಚ್ಚುವವರು ಡ್ರೈಯರ್ ಕುಲುಮೆಯ ಬಾಗಿಲು ತೆಗೆದು ಒಳಗೆ ಏನು ಉರಿಯುತ್ತಿದೆ ಎಂದು ನೋಡಬೇಕು.

ಈ ಹಾಳೆಯಲ್ಲಿ ಪೆಲೆಟ್ ಉರಿದಾಗ ಚಿಮಣಿಯಿಂದ ಹೋಗುವ ಇಂಗಾಲ ಸೊನ್ನೆ. ನಿಜಕ್ಕೂ ಅದು ಸೊನ್ನೆಯಲ್ಲ. ಅಷ್ಟೇ ಶಾಖಕ್ಕೆ ಮರ ಕಲ್ಲಿದ್ದಲಿಗಿಂತ ಸ್ವಲ್ಪ ಹೆಚ್ಚೇ ಬಿಡುತ್ತದೆ. ಅದನ್ನು ಮರ ಕಡಿದ ಕಡೆಯ ಭೂಮಿಯ ಲೆಕ್ಕದಲ್ಲಿ ಬರೆಯುವುದೆಂಬ ಒಪ್ಪಿಗೆ ಇರುವುದರಿಂದ ಇಲ್ಲಿ ಸೊನ್ನೆ. ಹೇಗೂ ಕೊಳೆತೋ ಉರಿದೋ ಹೋಗುವ ಪುಡಿಗೆ ಈ ಒಪ್ಪಿಗೆ ನ್ಯಾಯ. ನಾಲ್ಕೈದು ವರ್ಷಕ್ಕೆ ಮತ್ತೆ ಬೆಳೆಯುವ ಸರ್ವೆಯ ತುದಿಕೊಂಬೆಗೂ ಒಪ್ಪಬಹುದು. ಹತ್ತಾರು ವರ್ಷದ ಕಾಡಿನ ದಿಮ್ಮಿಯನ್ನೇ ಪುಡಿ ಮಾಡಿ ಉರಿಸಿದರೆ ಆ ಸಾಲ ತೀರುವಷ್ಟರಲ್ಲಿ ಒಂದು ತಲೆಮಾರು ಕಳೆದಿರುತ್ತದೆ, ಅದನ್ನು ಕಡಿಮೆ ಇಂಗಾಲದ್ದು ಎನ್ನಲು ನಮಗೆ ಮನಸ್ಸು ಬರುವುದಿಲ್ಲ. ಯುರೋಪಿನ 2023ರ ಪರಿಷ್ಕೃತ ನಿಯಮವೂ ಹಲಗೆಗೆ ಯೋಗ್ಯವಾದ ದಿಮ್ಮಿ, ಬುಡ, ಬೇರುಗಳನ್ನು ಉರಿಸಲು ಹಣಕಾಸಿನ ಬೆಂಬಲ ಕೊಡಬಾರದು ಎನ್ನುತ್ತದೆ. ಅದೇ ವರ್ಷದ ಅರಣ್ಯನಾಶ ನಿಯಮವು 4401ರ ಸರಕಿಗೆ ಮರ ಬೆಳೆದ ಜಮೀನಿನ ಅಕ್ಷಾಂಶ–ರೇಖಾಂಶ ಕೇಳುತ್ತದೆ. ಹತ್ತು ಊರಿನ ಮರ ಒಂದೇ ಬ್ಲೇಡಿನಲ್ಲಿ ಕೊಯ್ದ ಪುಡಿಗೆ ಅದನ್ನು ಕೊಡಲು ಆಗುವುದಿಲ್ಲ. ಸಾಮಿಲ್‌ನವರು ದಿಮ್ಮಿ ಬಂದ ದಿನವೇ ರೈತರ ಜಮೀನಿನ ಸರ್ವೆ ನಂಬರ್ ಬರೆದಿಟ್ಟರೆ ಮಾತ್ರ ಸಾಧ್ಯ. ಆ ಪುಸ್ತಕ ಇಡಲು ಒಪ್ಪುವವರ ಪುಡಿಗೆ ನಾವು ದರ ಹೆಚ್ಚು ಕೊಡುತ್ತೇವೆ.

ದಾಸ್ತಾನಿನ ಬಗ್ಗೆ ಎರಡು ಮಾತು. ಹೊಸ ಪೆಲೆಟ್‌ನ ರಾಶಿ ಆಮ್ಲಜನಕ ಹೀರಿ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ. 2006ರಲ್ಲಿ ಸ್ವೀಡನ್‌ನ ಹೆಲ್ಸಿಂಗ್‌ಬೊರ್ಗ್ ಬಂದರಿನಲ್ಲಿ ಪೆಲೆಟ್ ತಂದ ಹಡಗಿನ ಮೆಟ್ಟಿಲುಕೋಣೆಗೆ ಇಳಿದ ನಾವಿಕರೊಬ್ಬರು ಸತ್ತದ್ದು ಹೀಗೆಯೇ. ಮುಚ್ಚಿದ ಗೋದಾಮಿಗೆ ಗ್ಯಾಸ್ ಮೀಟರ್ ಇಲ್ಲದೆ ಇಳಿಯಬಾರದು, ಒಬ್ಬರೇ ಅಂತೂ ಬೇಡವೇ ಬೇಡ. ತೊಲೆಗಳ ಮೇಲೆ ಕೂತ ನುಣ್ಣನೆ ದೂಳನ್ನು ವಾರವಾರ ತೆಗೆಯಬೇಕು, ಗಾಳಿಗೆ ಎದ್ದ ದೂಳಿಗೆ ಒಂದು ಕಿಡಿ ಸಾಕು. ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಚೀಲ ಜೋಡಿಸಬಾರದು. ನೀರು ತಾಗಿದ ಪೆಲೆಟ್ ಊದಿ ಮತ್ತೆ ಪುಡಿಯೇ ಆಗುತ್ತದೆ.

ನಮ್ಮ ಲಾಟು ಬೂದಿಯಲ್ಲಿ, ಗಟ್ಟಿತನದಲ್ಲಿ, ಶಾಖದಲ್ಲಿ ಐ2 ಮುಟ್ಟಿತು. ಜಮೀನಿನ ಗುರುತು ಪೂರ್ತಿ ಇಲ್ಲದ್ದರಿಂದ ಯುರೋಪಿನ ಹಾಳೆಯಲ್ಲಿ ಆ ಒಂದು ಕಾಲಂ ಖಾಲಿ ಉಳಿಯಿತು. ಅದನ್ನು ನಂಜನಗೂಡಿನ ಕಡೆಯ ಬಾಯ್ಲರ್ ಒಂದಕ್ಕೆ ಕೊಟ್ಟೆವು. ದೂರ ಕಡಿಮೆ, ಅಲ್ಲಿ ಅದು ಕಲ್ಲಿದ್ದಲಿನ ಜಾಗಕ್ಕೇ ಹೋಗುತ್ತದೆ. ಲಾರಿ ತುಂಬುವಾಗ ಕನ್ವೇಯರ್‌ನಿಂದ ಬೀಳುವ ಧಾರೆಗೆ ಅಡ್ಡಲಾಗಿ ಪಾತ್ರೆ ಹಿಡಿದು ಸಮಾನ ಅಂತರದಲ್ಲಿ ಮಾದರಿ ತೆಗೆದು ಮೂರು ಪಾಲು ಮಾಡಿದೆವು: ಒಂದು ನಮಗೆ, ಒಂದು ಅವರಿಗೆ, ಇನ್ನೊಂದು ಎರಡೂ ಕಡೆಯವರ ಸಹಿ ಹಾಕಿ ಸೀಲ್ ಮಾಡಿದ್ದು. ಬಟ್ಟೆಚೀಲ ಬೇಡ, ಅದು ತೇವ ಹೀರುತ್ತದೆ, ದಪ್ಪ ಪ್ಲಾಸ್ಟಿಕ್ ಚೀಲವನ್ನೇ ಎರಡು ಪದರ ಹಾಕಿ ಗಾಳಿಯಾಡದಂತೆ ಕಟ್ಟಬೇಕು. ಅವರ ಲ್ಯಾಬು ತೇವ ಶೇ 9.5 ಎಂದರೆ, ನಮ್ಮದು ಶೇ 8 ಎಂದರೆ, ಒಡೆಯುವುದು ಆ ಮೂರನೆಯ ಚೀಲವನ್ನು.